ಬಲಕ್ಕೆ ಸುತ್ತಿದ ದಾರ

“ಇದು ನನ್ನ ಕೈ ಕೆಲಸ ಅಲ್ಲ.”

ಜಂಪಣ್ಣ ಆ ಗಾಳವನ್ನು ಮುಟ್ಟಲೂ ಇಲ್ಲ. ಹೊನ್ನಾಳಿಯ ಬಲೆ ಅಂಗಡಿಯ ಗಾಜಿನ ಮೇಜಿನ ಮೇಲೆ ಅದು ಬಿದ್ದಿತ್ತು. ಗಾಳಕ್ಕೆ ಹುಂಜದ ಗರಿ ಸುತ್ತಿ, ಮೀನು ಹುಳವೆಂದು ನಂಬಿ ಬಾಯಿ ಹಾಕುವಂತೆ ಕಟ್ಟಿದ್ದು. ಈಗ ಗರಿ ಉದುರಿ, ದಾರ ಜೋತಾಡುತ್ತಿತ್ತು.

“ನಿಮ್ಮ ಪೊಟ್ಟಣದಾಗೇ ಇತ್ತು ಜಂಪಣ್ಣಾರೆ,” ಎಂದ ಅಂಗಡಿಯ ಪ್ರಸನ್ನಕುಮಾರ್. “ಹೋದ ವಾರ ನೀವೇ ಬಸ್ಸಿಗೆ ಹಾಕಿದ್ದು.”

“ಎರಡನೇ ಸಲ ಎಸೆದೆ, ಅಷ್ಟೇ,” ಎಂದ ಗಿರಾಕಿ ತಿಮ್ಮೇಶ್. “ಹೊಳೆಗೆ ಗರಿ ಉಡುಗೊರೆ ಕೊಟ್ಟಂಗಾತು.”

ಜಂಪಣ್ಣನಿಗೆ ನಗು ಬರಲಿಲ್ಲ. ಕಂಪನಿಯ ಮಾಲು ನೂರಿಪ್ಪತ್ತು ರೂಪಾಯಿಗೆ ಮಾರಾಟವಾಗುವಾಗ ಅವನು ತಾನೇ ಕಟ್ಟಿದ ಗಾಳವನ್ನು ಮೂವತ್ತಕ್ಕೆ ಕೊಡುತ್ತಿದ್ದ. ಒಂದೇ ಒಂದು ಬಿಚ್ಚಿ ವಾಪಸ್ ಬಂದರೆ ಅಂದೇ ದಾರ ಕೆಳಗಿಡುತ್ತೇನೆ ಎಂದು ಇದೇ ಅಂಗಡಿಯಲ್ಲಿ ಎದೆ ತಟ್ಟಿ ಹೇಳಿದ್ದ.

ನಿನ್ನೆ ಅಂಗಡಿಯಿಂದ ಫೋನ್ ಬಂದಾಗಿನಿಂದ ಕೂತಲ್ಲಿ ಕೂರಲಾಗಿರಲಿಲ್ಲ. ಬೆಳಿಗ್ಗೆ ನ್ಯಾಮತಿಯ ಮನೆಯಲ್ಲಿ ಹೆಂಡತಿ ಕರಿಯಕ್ಕ ಎಡಗೈಯಲ್ಲಿ ಚಹಾ ಕೊಟ್ಟಾಗ ರೇಗಿದ್ದ.

“ಬಲಗೈಗೆ ಏನಾಗೈತೆ ನಿಂಗೆ? ಎಷ್ಟು ವರ್ಷ ಹೇಳಬೇಕು?”

ಅವಳು ಕೈ ಬದಲಿಸಿದ್ದಳು. ಅವನ ಕೈ ನಡುಗಿ ಚಹಾ ಪಂಚೆಯ ಮೇಲೆ ಚೆಲ್ಲಿತ್ತು. ಸಿಟ್ಟಿಗೆ, ಅಂದುಕೊಂಡಿದ್ದ. ಈಚೆಗೆ ಸಿಟ್ಟು ಹೆಚ್ಚಾಗಿತ್ತು.

“ಜಗಳೂರಿಂದ ನಾನು ಬರೋತನಕ ತಡೀಬಾರ್ದಿತ್ತಾ?” ಎಂದಿದ್ದಳು ಅವಳು.

“ಪೊಟ್ಟಣ ಕಟ್ಟಾಕೂ ನಿನ್ನ ಅಪ್ಪಣೆ ಬೇಕಾ?”

ಅವನು ಮಧ್ಯಾಹ್ನ ಮಲಗಿದಾಗ ಅವನು ಕಟ್ಟಿದ ಗಾಳಗಳನ್ನು ಪೊಟ್ಟಣ ಮಾಡುವುದು ಅವಳ ಕೆಲಸ. ಹೋದ ವಾರ ಅವಳು ಜಗಳೂರಿನ ಅಕ್ಕನ ಮನೆಗೆ ಹೋಗಿದ್ದಳು. ಅವನೇ ಪೊಟ್ಟಣ ಕಟ್ಟಿ ಕಳಿಸಿದ್ದ. ಅದರಲ್ಲೇನಿದೆ?

“ಯಾರೋ ನಕಲಿ ಸೇರಿಸ್ಯಾರೆ,” ಎಂದ ಜಂಪಣ್ಣ ಈಗ ಪ್ರಸನ್ನಕುಮಾರನಿಗೆ. “ನಾನು ದಾರ ಸುತ್ತೋದು ಬಲಕ್ಕೆ. ಎಡಕ್ಕೆ ಸುತ್ತಿದ್ದು ನಂದಲ್ಲ. ಭೂತಗನ್ನಡಿ ತಗೀರಿ.”

ಪ್ರಸನ್ನಕುಮಾರ್ ಹಾಳಾದ ಗಾಳವನ್ನು ಎತ್ತಿ ಹಿಡಿದ.

“ಬಲಕ್ಕೇ ಐತಲ್ರೀ.”

ಜಂಪಣ್ಣ ಬಗ್ಗಿ ನೋಡಿದ. “ನಕಲಿ ಮಾಡೋನು ಅದನ್ನೂ ಕಲ್ತಿರ್ತಾನೆ. ಗಟ್ಟಿ ಇರೋವು ನೋಡ್ರಿ.”

ತಿಮ್ಮೇಶ್ ಟೋಪಿಗೆ ಚುಚ್ಚಿಕೊಂಡಿದ್ದ ಒಂದನ್ನು ತೆಗೆದ. ಎರಡು ವರ್ಷ ಹಳೆಯದು. ಗರಿ ಸವೆದಿತ್ತು, ಕಟ್ಟು ಅಲುಗಿರಲಿಲ್ಲ.

“ಎಡಕ್ಕೆ,” ಎಂದ ಪ್ರಸನ್ನಕುಮಾರ್.

ಅಂಗಡಿಯಲ್ಲಿ ಉಳಿದಿದ್ದ ಹಳೆಯ ಪೊಟ್ಟಣಗಳನ್ನು ಬಿಚ್ಚಿದ. ಒಂದೊಂದನ್ನೂ ಉಗುರಿನಿಂದ ಕೆದಕಿದ. ಒಂದೂ ಜಗ್ಗಲಿಲ್ಲ.

“ಎಡಕ್ಕೆ. ಇದೂ ಎಡಕ್ಕೆ. ಎಲ್ಲಾ ಎಡಕ್ಕೇ ಅದಾವು.”

ತಿಮ್ಮೇಶ್ ನಕ್ಕ. “ಹಂಗಾದ್ರೆ ನಕಲಿಯೋನೇ ವಾಸಿ ಬಿಡ್ರಿ. ಅವನ ವಿಳಾಸ ಕೊಡ್ರಿ, ಇನ್ಮೇಲೆ ಅಲ್ಲೇ ತಗೋತೀನಿ.”

ಜಂಪಣ್ಣ ತನ್ನೆರಡೂ ಕೈಗಳನ್ನು ನೋಡಿಕೊಂಡ. ಈಗ ಸಿಟ್ಟಿರಲಿಲ್ಲ. ಆದರೂ ಬೆರಳುಗಳು ನಡುಗುತ್ತಿದ್ದವು.

ಬಸ್ಸಿಳಿದು ಮನೆ ಮುಟ್ಟಿದಾಗ ಕರಿಯಕ್ಕ ನೀರು ತಂದಳು. ಅವನ ಮುಖ ನೋಡಿ, ಲೋಟವನ್ನು ಅವಸರದಿಂದ ಬಲಗೈಗೆ ಬದಲಿಸಿದಳು. ಬಿಡುವಾದ ಎಡಗೈಯ ತೋರುಬೆರಳಲ್ಲಿ ದಾರ ಕೊರೆದ ಸಣ್ಣ ಸಣ್ಣ ಗೆರೆಗಳಿದ್ದವು.

“ಎಡಗೈಯಾಗೇ ಕೊಡು,” ಎಂದ ಜಂಪಣ್ಣ.