ಸಹಿ ಹಾಕಿಸುವ ಪಾಠ

ಪೆನ್ನನ್ನು ಮುಂದಕ್ಕೆ ತಳ್ಳಬೇಕಿತ್ತು. ಇಂದ್ರಾಣಿ ತಳ್ಳಲಿಲ್ಲ.

ಗೋಡೆಯ ಪಕ್ಕ ಕೂತಿದ್ದ ಸೋಮನಾಥ್ ಗಂಟಲು ಸರಿಮಾಡಿಕೊಂಡರು. ಅದು ಎಚ್ಚರಿಕೆ. ಅವರು ಈ ಕನ್ಸಲ್ಟಿಂಗ್ ಸಂಸ್ಥೆಯ ಯಜಮಾನರು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಆಫೀಸು, ಗಾಜಿನ ಬಾಗಿಲು, ಬಾಗಿಲ ಮೇಲೆ ‘ಸಂಸ್ಥೆಗಳ ಮನಶ್ಶಾಸ್ತ್ರ’ ಎಂಬ ದೊಡ್ಡ ಮಾತು. ಒಳಗೆ ನಡೆಯುವ ಕಸುಬು ಮಾತ್ರ ಸಣ್ಣದು. ಕಂಪನಿಗಳಿಗೆ ಬೇಡವಾದವರಿಂದ ರಾಜೀನಾಮೆ ಬರೆಸಿಕೊಡುವುದು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.

ಹೊಸಬರಿಗೆ ಅದನ್ನು ಕಲಿಸುವ ತರಬೇತಿಯ ಕೊನೆಯ ಪರೀಕ್ಷೆ ಇವತ್ತು. ಪಾಸಾದರೆ ಇಂದ್ರಾಣಿಯ ಕೆಲಸ ಕಾಯಂ. ಇಲ್ಲವಾದರೆ ಗೊಟ್ಟಿಗೆರೆಯ ಬಸ್ಸು ಹತ್ತಿ ಮನೆಗೆ. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿ, ಅರ್ಜಿ ಹಾಕಿ ಹಾಕಿ ಸೋತವಳಿಗೆ ಆ ಬಸ್ಸಿನ ನೆನಪೇ ಬೇಡವಾಗಿತ್ತು.

ಪರೀಕ್ಷೆ ಎಂದರೆ ಒಂದು ಪುಟ್ಟ ನಾಟಕ. ಕೆಲಸ ಕಳೆದುಕೊಳ್ಳುವವನ ಪಾತ್ರಕ್ಕೆ ಹವ್ಯಾಸಿ ರಂಗತಂಡದವರೊಬ್ಬರನ್ನು ಕರೆಸುವುದು ಸೋಮನಾಥರ ಪದ್ಧತಿ. ಪ್ರತಿ ಸಲವೂ ಹೊಸ ಮುಖ. ಬಂದವರನ್ನು ಯಾರೂ ಮಾತಾಡಿಸುವಂತಿಲ್ಲ, ಹೆಸರು ಕೇಳುವಂತಿಲ್ಲ, ರಿಸೆಪ್ಶನ್ನಿನಿಂದ ನೇರವಾಗಿ ಕುರ್ಚಿಗೆ. ಪರಿಚಯವಾದರೆ ಕರುಣೆ ಹುಟ್ಟುತ್ತದೆ, ಕರುಣೆ ಹುಟ್ಟಿದರೆ ಪಾಠ ಕೆಡುತ್ತದೆ ಎಂದು ಅವರ ಸಿದ್ಧಾಂತ. ಎಂಥ ಸಿದ್ಧಾಂತಕ್ಕೂ ಈ ಊರಿನಲ್ಲಿ ಫೀಸು ಕೊಡುವವರಿದ್ದಾರೆ.

ಪಾಠ ಬಹಳ ಸರಳ. ಮೊದಲ ಮಾತಿನಲ್ಲೇ ವಿಷಯ ಹೇಳು. ಆಮೇಲೆ ಸುಮ್ಮನಿರು. ಆ ಮೌನ ತಡೆಯಲಾರದೆ ಎದುರಿನವನು ತನ್ನ ತಪ್ಪನ್ನು ತಾನೇ ಹುಡುಕಿಕೊಳ್ಳುತ್ತಾನೆ. ಆಗ ಪೆನ್ನು ತಳ್ಳು.

ಇಂದ್ರಾಣಿ ಮೊದಲೆರಡನ್ನೂ ತಪ್ಪದೆ ಮಾಡಿದ್ದಳು. “ನಿಮ್ಮ ಸೇವೆ ಇನ್ನು ಕಂಪನಿಗೆ ಬೇಕಾಗಿಲ್ಲ” ಎಂದವಳು ತುಟಿ ಬಿಗಿಹಿಡಿದು ಕೂತಿದ್ದಳು. ಎದುರು ಕೂತ ಮನುಷ್ಯನಿಗೆ ಐವತ್ತು ದಾಟಿತ್ತು. ಊಟದ ಡಬ್ಬಿಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಇದ್ದ. ಅವಳನ್ನು ನೋಡಿದ. ಗೋಡೆಯ ಪಕ್ಕ ಸಾಲಾಗಿ ಕೂತ ಹೊಸಬರನ್ನು ನೋಡಿದ.

“ಇವ್ರೆಲ್ಲಾ ಕಂಪನಿಯವ್ರಾ ಮೇಡಂ?”

ಯಾರೋ ಕಿಸಕ್ಕೆಂದರು. ಇಂದ್ರಾಣಿ ಉತ್ತರ ಕೊಡಲಿಲ್ಲ.

“ಬೊಮ್ಮನಹಳ್ಳಿ ಗಾರ್ಮೆಂಟ್ಸ್‌ನಲ್ಲಿ ಕಟಿಂಗ್ ಮಾಡ್ಕೊಂಡೇ ಬಂದೋನು ನಾನು. ಏನ್ ತಪ್ಪು ಮಾಡ್ದೆ ಅಂತ...” ಆತ ಬೆರಳುಗಳನ್ನು ನೋಡಿಕೊಂಡ. “ಈಚೆಗೆ ಕೈ ಒಂಚೂರು ನಡುಗ್ತದೆ. ಯಾರೋ ಹೇಳಿರ್ಬೇಕು. ನಂದೇ ತಪ್ಪು ಬಿಡಿ.”

ಪಾತ್ರದ ವಿವರದಲ್ಲಿ ಇದ್ದದ್ದು ಸ್ಟೋರ್ ಕೀಪರ್. ಸೋಮನಾಥ್ ಹುಬ್ಬೇರಿಸಿದರು, ಮೆಚ್ಚಿಗೆಯಿಂದ. ಬಸವಪ್ರಸಾದ್ ಎಂಬ ಹೊಸಬ ಪಕ್ಕದವನ ಕಿವಿಯಲ್ಲಿ, “ಸಖತ್ ಮಗಾ, ಕಣ್ಣಲ್ಲಿ ನೀರೇ ಬಂತಲ್ಲ” ಎಂದ.

ಬಂದಿತ್ತು. ಅದನ್ನು ಒರೆಸಿಕೊಳ್ಳದೆ ಆ ಮನುಷ್ಯ ಪೆನ್ನಿಗೆ ತಾನೇ ಕೈಚಾಚಿದ. ಪಾಠ ನೂರಕ್ಕೆ ನೂರು ಫಲಿಸಿತ್ತು. ನಾಟಕ, ಬರೀ ನಾಟಕ ಎಂದು ಇಂದ್ರಾಣಿ ತನಗೆ ತಾನೇ ಹೇಳಿಕೊಂಡಳು. ಆದರೂ ತನ್ನ ಬಗ್ಗೆಯೇ ಅಸಹ್ಯವಾಯಿತು. ಪೆನ್ನನ್ನು ಕಿತ್ತುಕೊಂಡಳು.

“ಸಹಿ ಹಾಕ್ಬೇಡಿ.”

“ಆಂ?”

“ರಾಜೀನಾಮೆ ಅಂದ್ರೆ ನೀವಾಗೇ ಕೆಲಸ ಬಿಡೋದು. ಬಿಡೋಕೆ ಇಷ್ಟ ಇದ್ಯಾ ನಿಮಗೆ?”

“ಇಲ್ಲ ಮೇಡಂ.”

“ಮತ್ತೆ ಯಾಕೆ ಹಾಕ್ತೀರಾ? ತೆಗೆಯೋದಾದ್ರೆ ಕಾರಣ ಬರ್ದು ಕೊಟ್ಟು ಅವ್ರೇ ತೆಗೀಲಿ. ನಾಳೆ ಎಂದಿನ ಹಾಗೆ ಕೆಲಸಕ್ಕೆ ಹೋಗಿ. ಜೊತೆಯವ್ರಿಗೆಲ್ಲ ಹೇಳಿ, ಯೂನಿಯನ್‌ನವ್ರನ್ನ ಕೇಳಿ. ಎದುರಿಗೆ ಕೂತೋರು ಸುಮ್ನಿದ್ರೆ ನೀವೂ ಸುಮ್ನಿರಿ. ನಿಮ್ಮ ತಪ್ಪನ್ನ ನೀವೇ ಹುಡುಕ್ಕೊಡ್ಬೇಡಿ.”

ಮೇಜಿನ ಮೇಲಿದ್ದ ರಾಜೀನಾಮೆಯನ್ನು ಹರಿದು ಹಾಕಿದಳು.

ಆತ ಚೀಲ ಎತ್ತಿಕೊಂಡು ನಿಂತ. “ಹಂಗಾದ್ರೆ... ಹೋಗ್ಲಾ?”

“ಹೋಗಿ ಅಂಕಲ್.”

ಆತ ಕೈಮುಗಿದು ಬಾಗಿಲಿಗೆ ನಡೆದಾಗ ಹೊಸಬರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. “ತುಂಬಾ ಚೆನ್ನಾಗಿತ್ತು ಸಾರ್!” ಎಂದರು ಸೋಮನಾಥ್.

“ಏನ್ ಚೆನ್ನಾಗಿತ್ತು?” ಎಂದು ಮುಖ ಗಂಟಿಕ್ಕಿ ಆತ ಹೊರಟೇಹೋದ. ಎಲ್ಲರೂ ಗೊಳ್ಳೆಂದು ನಕ್ಕರು.

ನಗು ನಿಂತ ಮೇಲೆ ಸೋಮನಾಥ್ ಇಂದ್ರಾಣಿಯತ್ತ ತಿರುಗಿದರು. ಮುಖ ಕೆಂಡಾಮಂಡಲವಾಗಿತ್ತು.

“ನಾಟಕಕ್ಕೇ ಇಷ್ಟು ಕರಗೋಳು ನಿಜವಾದ ಮನುಷ್ಯ ಬಂದು ಕೂತ್ರೆ ಏನಮ್ಮಾ ಮಾಡ್ತೀಯಾ? ಊಟ ಆದ್ಮೇಲೆ ಒಬ್ರು ಬರೋರಿದ್ದಾರೆ ಸಹಿಗೆ. ನಿನ್ನ ಕೂರ್ಸಿದ್ರೆ ಹಂಗೇ ಎದ್ದು ಹೋಗ್ತಾರೆ.”

“ಹೋಗ್ಲಿ ಸಾರ್.”

“ನಮಗೆ ಅನ್ನ ಹಾಕೋದು ಆ ಕಂಪನಿಗಳು, ಅದು ನೆನಪಿರ್ಲಿ.”

“ಇನ್ನೊಬ್ರ ಹೊಟ್ಟೆ ಮೇಲೆ ಹೊಡೆದು ಬರೋ ಅನ್ನ ನನಗೆ ಬೇಡ. ಇದನ್ನ ಮನಶ್ಶಾಸ್ತ್ರ ಅಂತನೂ ಕರೀಬೇಡಿ. ನಾನು ಓದಿದ್ದು ಇದನ್ನಲ್ಲ.”

ಕುತ್ತಿಗೆಯ ಐಡಿ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟಳು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮನೆಯಲ್ಲಿ ಏನು ಹೇಳುವುದೆಂಬ ಹೆದರಿಕೆ ಅವಳಿಗೆ ಇತ್ತು, ಬೇಕಾದಷ್ಟಿತ್ತು. ನಾಚಿಕೆ ಮಾತ್ರ ಇರಲಿಲ್ಲ.

“ನಾಟಕಕ್ಕೋಸ್ಕರ ಯಾರಾದ್ರೂ ಕೆಲಸ ಬಿಡ್ತಾರಾ ಗುರು?” ಬಸವಪ್ರಸಾದ್ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

ಅವಳು ಬಾಗಿಲಿಗೆ ಕೈ ಹಾಕುವ ಮೊದಲೇ ಅದು ಹೊರಗಿನಿಂದ ತೆರೆದುಕೊಂಡಿತು. ಜುಬ್ಬಾ ತೊಟ್ಟವನೊಬ್ಬ ಏದುಸಿರು ಬಿಡುತ್ತ ಒಳಗೆ ಬಂದ.

“ಸಾರಿ ಸಾರ್, ಬನಶಂಕರಿ ಹತ್ರ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡ್ಬಿಟ್ಟೆ. ಕೆಲಸ ಕಳ್ಕೊಳ್ಳೋನ ಪಾರ್ಟು ನಂದೇ, ಶುರು ಮಾಡೋಣ್ವಾ?”