ಅಳತೆ ರವಿಕೆ

“ಅಳತೆ ರವಿಕೆ ತಂದಿದೀರಾ?” ಮಷೀನಿನಿಂದ ತಲೆ ಎತ್ತದೆ ಟೈಲರ್ ಕೇಳಿದ.

“ಇಲ್ಲ. ಮೈ ಅಳತೆನೇ ತಗೋಬೇಕು. ನಂಗೇ.”

ಟೈಲರ್ ತಲೆ ಎತ್ತಿದ. ಏಕಾಂತನ ಕೈಯಲ್ಲಿದ್ದ ಕೆಂಪು ರವಿಕೆ ಕಣ ಜಾರಿಹೋಗುವುದರಲ್ಲಿತ್ತು. ಅಂಜಿನಿ. ಏಳನೇ ಕ್ಲಾಸಿನ ಅಂಜಿನಿ. ಪ್ರಾರ್ಥನೆಗೆ ನಿಂತಿದ್ದಾಗ ಹಿಂದಿನಿಂದ ಇವನ ಚಡ್ಡಿ ಎಳೆದವನು. ಇಡೀ ಸ್ಕೂಲು ನಕ್ಕಿತ್ತು. ಹುಡುಗರು ನಕ್ಕರೆ ಹಾಳಾಗಿ ಹೋಗಲಿ, ಮೇಷ್ಟ್ರುಗಳೂ ನಕ್ಕಿದ್ದರು. ಹೆಣ್ಣಿಗ ಅಂದಿದ್ದರು. ಮಾರನೇ ದಿನದಿಂದ ಏಕಾಂತ ಸ್ಕೂಲಿನ ಕಡೆ ತಲೆ ಹಾಕಲಿಲ್ಲ. ಅರವತ್ತೊಂದನೇ ಇಸವಿಯ ಮಾತು, ಅದಾಗಿ ಹದಿಮೂರು ವರ್ಷವಾಗಿತ್ತು.

ವಾಪಸ್ ಹೋಗಿಬಿಡಬಹುದಿತ್ತು. ಆದರೆ ಭಾನುವಾರ ಮಿಲ್ಲಿನವರ ನಾಟಕ, ಇವನದು ದ್ರೌಪದಿ ಪಾತ್ರ. ರಾಜಾಜಿನಗರದಲ್ಲಿ ಆಗಲೇ ಮೂರು ಅಂಗಡಿಯವರು, ಗಂಡಸಿಗೆ ರವಿಕೆ ಹೊಲಿಯಲ್ಲ ಅಂತ ಹಲ್ಲು ಕಿಸಿದು ಕಳಿಸಿದ್ದರು. ಅಕ್ಕನ ರವಿಕೆ ತೊಟ್ಟರೆ, ಕೃಷ್ಣಾ ಅಂತ ಎರಡೂ ಕೈ ಎತ್ತಿದ ಕೂಡಲೇ ಕಂಕುಳಲ್ಲಿ ಪರ್ರನೆ ಹರಿಯುತ್ತೆ. ಸಾವಿರ ಜನ ನಗುತ್ತಾರೆ. ಆ ನಗುವನ್ನು ಇನ್ನೊಂದು ಸಲ ಕೇಳಲು ಅವನಿಂದ ಆಗದು.

“ಹೊಲೀತೀಯಾ? ಇಲ್ಲ, ನೀನೂ ನಗ್ತೀಯಾ?”

“ಒಳಗೆ ಬಾರೋ,” ಅಂದ ಅಂಜಿನಿ.

ಟೇಪು ಹಿಡಿದು ಬೆನ್ನ ಹಿಂದೆ ನಿಂತ. ಮಷೀನೆಣ್ಣೆಯ ವಾಸನೆ. ಮೂಲೆಯಲ್ಲಿ ರೇಡಿಯೋ ತನ್ನಷ್ಟಕ್ಕೆ ಗುನುಗುತ್ತಿತ್ತು.

“ಇನ್ನೂ ಕೆಂಗೇರಿಲೇ ಇದೀಯಾ? ನಮ್ಮ ಸ್ಕೂಲ್ ಹಿಂದಿನ ಹುಣಸೆಮರ ಇದ್ಯಾ?” ಅಂಜಿನಿ ಕೇಳಿದ.

“ಕಡಿದ್ರು. ರೋಡಿಗೆ.”

“ಕಾಯಿ ಕಿತ್ತು ನಿಂಗೇ ಮೊದಲು ಕೊಡ್ತಿದ್ದೆ.”

“ಕೊಟ್ಟು ತಲೆ ಮೇಲೊಂದು ಬಿಡ್ತಿದ್ದೆ ನೀನು.”

ಅಂಜಿನಿ ನಗಲು ನೋಡಿದ, ಆಗಲಿಲ್ಲ. ಭುಜದ ಮೇಲಿಟ್ಟ ಟೇಪು ಎರಡು ಸಲ ಜಾರಿತು.

“ಹೊಡೆಯೋವಾಗ ನಿನ್ನ ಕೈ ಹೀಗೆ ಜಾರ್ತಿರಲಿಲ್ಲ,” ಅಂದ ಏಕಾಂತ.

“ನಿನ್ನ ಕಂಡ್ರೆ ಏನೇನೋ ಆಗ್ತಿತ್ತು ಕಣೋ. ಹೊಡೆದ್ರೆ ಹೋಗತ್ತೆ ಅಂದ್ಕೊಂಡಿದ್ದೆ.”

“ಹೋಯ್ತಾ?”

ಅಂಜಿನಿ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಅಳತೆ ಬರೆದುಕೊಂಡ. ಬಹಳ ಹೊತ್ತು ಬರೆದ. “ನೀನು ಬರೋದು ಬಿಟ್ಟ ಮೇಲೆ ನಾನೂ ಸ್ಕೂಲು ಬಿಟ್ಟೆ,” ಅಂದ. “ಗುರುವಾರ ಬಾ, ಹಾಕಿ ನೋಡುವಂತೆ.”

ಗುರುವಾರ ಏಕಾಂತ ರವಿಕೆ ತೊಟ್ಟು, ಕನ್ನಡಿ ಮುಂದೆ ದ್ರೌಪದಿಯ ಹಾಗೆ ಎರಡೂ ಕೈ ಎತ್ತಿದ. ಎಲ್ಲೂ ಹಿಡಿಯಲಿಲ್ಲ, ಎಲ್ಲೂ ಜೋಲಲಿಲ್ಲ. ಇನ್ನೊಂದು ಸಲ ಎತ್ತಿದ. ಹೊಲಿಗೆ ಮಿಸುಕಲಿಲ್ಲ. ಹಿಂದೆ ನಿಂತಿದ್ದ ಅಂಜಿನಿ ಕನ್ನಡಿಯಲ್ಲಿ ಇವನನ್ನೇ ನೋಡುತ್ತಿದ್ದ. ಇನ್ನು ಮಡಿಸಿಕೊಂಡು ಹೊರಡುವುದಷ್ಟೇ ಬಾಕಿ. ಹೊರಟರೆ ಮತ್ತೆ ಈ ಅಂಗಡಿ ಮೆಟ್ಟಿಲು ಹತ್ತಲು ಕಾರಣವೇ ಇಲ್ಲ.

“ಎಡಗಡೆ ತೋಳು ಸ್ವಲ್ಪ ಬಿಗಿ,” ಅಂದ ಏಕಾಂತ.

ಅಂಜಿನಿ ತೋಳಿನೊಳಗೆ ಬೆರಳು ತೂರಿಸಿ ನೋಡಿದ. ಎರಡು ಬೆರಳು ಆರಾಮಾಗಿ ಓಡಾಡಿದವು.

“ಹೌದು, ಬಿಗಿ,” ಅಂದ. “ಬಿಚ್ಚಿ ಹೊಲೀಬೇಕು. ನಾಳೆ ಬಾ. ನಾಳಿದ್ದೂ ಬರಬೇಕಾಗತ್ತೆ.”

ಬಸ್ ಸ್ಟಾಪಿನಿಂದ ಏಕಾಂತ ತಿರುಗಿ ನೋಡಿದ. ಅಂಜಿನಿ ಬಾಗಿಲ ಬೆಳಕಿಗೆ ಸರಿದು ಕೂತು, ಸರಿಯಾಗಿದ್ದ ತೋಳನ್ನು ಒಂದೊಂದೇ ಎಳೆ ಬಿಚ್ಚುತ್ತಿದ್ದ.