ಸುಮ್ಮನಾಗದ ಮೈಕು

ಮನಸ್ಸಿನಲ್ಲಿಲ್ಲದ ಮಾತನ್ನು ಮೈಕುಗಳು ನುಂಗತೊಡಗಿ ವರ್ಷಗಳೇ ಆಗಿದ್ದವು. ಜನ ಅದಕ್ಕೆ ಒಗ್ಗಿಹೋಗಿದ್ದರು. ಭಾಷಣ ಮಾಡುವವರ ತುಟಿ ಮಾತ್ರ ಅಲ್ಲಾಡುವಾಗ ಸೆರಗಿನಿಂದಲೋ ಟವೆಲಿನಿಂದಲೋ ಗಾಳಿ ಹಾಕಿಕೊಳ್ಳುತ್ತ ಕೂತಿದ್ದು, ಕೊನೆಗೆ ಮರ್ಯಾದೆಗೆಂದು ಚಪ್ಪಾಳೆ ತಟ್ಟುತ್ತಿದ್ದರು.

ಹಿರೇಹೊಳೆಯ ಸರ್ಕಾರಿ ಶಾಲೆಯ ಹೊಸ ಕೋಣೆ ಉದ್ಘಾಟಿಸಿ ಮಾತಿಗೆ ನಿಂತ ಶಿಕ್ಷಣ ಮಂತ್ರಿ ಶಾಂಭವಿ ಪಾಟೀಲರಿಗೆ ಬೆಳಗಿನಿಂದ ಎದೆ ಹಗುರಾಗಿರಲಿಲ್ಲ. ಗಂಡ ಕಟ್ಟಿಸಿದ ಖಾಸಗಿ ಶಾಲೆಯ ಗೇಟಿನ ಮುಂದೆ ಮಗ ಅಗಸ್ತ್ಯ ಕಾರಿನ ಬಾಗಿಲು ಬಿಡದೆ, “ಇವತ್ತೊಂದಿನ ಬ್ಯಾಡ ಮಮ್ಮಿ” ಎಂದು ಅತ್ತಿದ್ದ. ಒಳಗೆ ಅವನಿಗೊಬ್ಬ ಗೆಳೆಯನೂ ಇರಲಿಲ್ಲ. ಇಲ್ಲಿ ನೋಡಿದರೆ ಮಕ್ಕಳು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು, ಮಂತ್ರಿ ಬಂದಿದ್ದೂ ನೆನಪಿಲ್ಲದಂತೆ ನಗುತ್ತಿದ್ದವು. ಶಾಂಭವಿಯವರ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಹೆಂಗಸರ ಗುಂಪಿನಿಂದ ಒಬ್ಬ ತಾಯಿ ಎದ್ದು ನಿಂತಳು.

“ಮೇಡಮ್ಮರ, ನಿಮ್ಮ ಮಗನ್ನ ನಮ್ಮ ಸರಕಾರಿ ಸಾಲಿಗೆ ಹಚ್ಚತೀರೇನ್ರಿ?”

ಪ್ರತಿ ಊರಿನಲ್ಲೂ ಈ ಪ್ರಶ್ನೆ ಬರುತ್ತಿತ್ತು. ಉತ್ತರವನ್ನು ಮೈಕು ನುಂಗುತ್ತಿತ್ತು. ಅದರ ಭರವಸೆಯ ಮೇಲೆಯೇ ಶಾಂಭವಿ ಎಂದಿನಂತೆ ನಗುತ್ತ ಹೇಳಿದರು.

“ಈ ವರ್ಷಾನೇ ಹಚ್ಚತೀನ್ರಿ.”

ಮಾತು ಧ್ವನಿವರ್ಧಕದಿಂದ ಹೊರಟು ಶಾಲೆಯ ಗೋಡೆಗೆ ಬಡಿದು ವಾಪಸು ಬಂತು. ಗಾಳಿ ಹಾಕಿಕೊಳ್ಳುತ್ತಿದ್ದ ಕೈಗಳೆಲ್ಲ ನಿಂತವು. ಮುಂದಿನ ಸಾಲಿನಲ್ಲಿದ್ದ ಗಂಡ ನಿಧಾನವಾಗಿ ಕನ್ನಡಕ ತೆಗೆದು ಹೆಂಡತಿಯನ್ನೇ ನೋಡಿದರು.

ಶಾಂಭವಿ ಗಂಡನಿಂದ ಕಣ್ಣು ತಪ್ಪಿಸಿದರು. ಮೈಕಿಗೆ ಇನ್ನಷ್ಟು ಹತ್ತಿರ ಬಾಗಿ, “ಖರೇ ಅಲ್ರಿ, ಚ್ಯಾಷ್ಟಿಗೆ ಅಂದೆ ನೋಡ್ರಿ” ಎಂದರು.

ಅದು ಮಾತ್ರ ಯಾರಿಗೂ ಕೇಳಿಸಲಿಲ್ಲ.